ಕಠಾರಿಗೆ ಸಿಕ್ಕ ಹೆಸರು, ಖಡ್ಗಕ್ಕೆ ಸಿಗದ ಹೆಸರು

1256ರ ಡಿಸೆಂಬರ್. ಇರಾನಿನ ಉತ್ತರಕ್ಕಿರುವ ಎಲ್ಬುರ್ಜ್ ಪರ್ವತಶ್ರೇಣಿಯ ನಡುವಿನ ಅಲಮೂತ್ ಕೋಟೆ ಮಂಗೋಲರ ವಶವಾಗಿತ್ತು. ಕೋಟೆಯನ್ನು ಕೆಡವುವ ಮುನ್ನ ಒಬ್ಬ ವಿದ್ವಾಂಸ ಅದರ ಗ್ರಂಥಭಂಡಾರವನ್ನು ಪರಿಶೀಲಿಸಲು ಅಪ್ಪಣೆ ಬೇಡಿದ. ಆತ ಅತಾ ಮಲಿಕ್ ಜುವೈನಿ. ಮಂಗೋಲ್ ದಂಡನಾಯಕ ಹುಲಾಗುವಿನ ಸೇವೆಯಲ್ಲಿದ್ದ ಪರ್ಷಿಯನ್ ಅಧಿಕಾರಿ, ಚರಿತ್ರೆಕಾರ. ಕುರಾನಿನ ಪ್ರತಿಗಳನ್ನು, ಖಗೋಳ ವೀಕ್ಷಣೆಯ ಉಪಕರಣಗಳನ್ನು, ತನಗೆ ಯೋಗ್ಯವೆಂದು ಕಂಡ ಕೆಲವು ಗ್ರಂಥಗಳನ್ನು ಆತ ಬೇರೆ ತೆಗೆದಿರಿಸಿದ. ಉಳಿದದ್ದನ್ನು, ಅಂದರೆ ಆ ಕೋಟೆಯ ಜನ ಒಂದೂವರೆ ಶತಮಾನಕ್ಕೂ ಮಿಕ್ಕಿ ನಂಬಿದ್ದನ್ನು, ವಾದಿಸಿದ್ದನ್ನು, ಬರೆದಿಟ್ಟಿದ್ದನ್ನು ಬೆಂಕಿಗೆ ಹಾಕಿದ. ಇದು ಆತನ ವಿರೋಧಿಗಳು ಹೊರಿಸಿದ ಆರೋಪವಲ್ಲ; ತನ್ನ ಚರಿತ್ರೆಯಲ್ಲಿ ಆತನೇ ತೃಪ್ತಿಯಿಂದ ಬರೆದುಕೊಂಡ ಸಂಗತಿ.

ಅಲಮೂತಿನ ಬಗ್ಗೆ ಇಂದು ಜಗತ್ತಿಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಬಂದಿರುವುದು ಈ ಜುವೈನಿಯ ಪುಸ್ತಕದಿಂದಲೇ. ಸುಟ್ಟವನೇ ಸಾಕ್ಷಿಯಾದ. ಆ ಕೋಟೆಯಲ್ಲಿದ್ದ ನಿಜಾರಿ ಇಸ್ಮಾಯಿಲಿಗಳ ಕಥೆಯನ್ನು ಓದುವವರು ಮೊದಲು ನೆನಪಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ ಇದು.

ಈ ಪಂಥದ ನಿಜವಾದ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ. ಆದರೆ ಅದಕ್ಕೆ ಅಂಟಿದ ಬೈಗುಳ ಯುರೋಪಿನ ಎಷ್ಟೋ ಭಾಷೆಗಳಲ್ಲಿ ನಿತ್ಯ ಬಳಕೆಯ ಪದ. ರಾಜಕೀಯ ಕೊಲೆಗಾರನನ್ನು ಇಂಗ್ಲಿಷಿನಲ್ಲಿ ‘ಅಸಾಸಿನ್’ ಎನ್ನುತ್ತಾರೆ. ಆ ಪದ ಹುಟ್ಟಿದ್ದು ಇವರ ಮೇಲೆ ಇವರ ವೈರಿಗಳು ಎಸೆದ ‘ಹಶೀಶಿ’ ಎಂಬ ಮಾತಿನಿಂದ. ಕನ್ನಡದ ‘ಹಂತಕ’ ಎಂಬ ಪದದ ಮೇಲೆ ಯಾವ ಸಮುದಾಯದ ಭಾರವೂ ಇಲ್ಲ. ಅದು ಕೃತ್ಯವನ್ನಷ್ಟೇ ಹೇಳುತ್ತದೆ. ‘ಅಸಾಸಿನ್’ ಹಾಗಲ್ಲ. ಅದು ಒಂದು ಕೃತ್ಯಕ್ಕೆ ಒಂದು ಸಮುದಾಯದ ಮುಖವನ್ನು ಹಚ್ಚಿ, ಎಂಟು ಶತಮಾನಗಳ ಕಾಲ ಊರೂರು ತಿರುಗಿಸಿದ ಪದ. ಅದೇ ಕಾಲದಲ್ಲಿ, ಅದೇ ನೆಲದಲ್ಲಿ, ಅದೇ ಸಮುದಾಯದ ಸಾವಿರಾರು ಜನರನ್ನು ಬೀದಿಬೀದಿಗಳಲ್ಲಿ ಕಡಿದ ಸೈನ್ಯಗಳ ಹೆಸರಿನಿಂದ, ಸುಲ್ತಾನರ ಹೆಸರಿನಿಂದ ಯಾವ ಭಾಷೆಯಲ್ಲೂ ಕೊಲೆಗೆ ಪದ ಹುಟ್ಟಲಿಲ್ಲ. ಈ ಏರುಪೇರು ಹೇಗೆ ಉಂಟಾಯಿತು ಎಂಬುದು ಅಲಮೂತಿನ ಚರಿತ್ರೆಯಷ್ಟೇ ಮುಖ್ಯವಾದ ಪ್ರಶ್ನೆ.

ಪ್ರವಾದಿ ಮುಹಮ್ಮದರು 632ರಲ್ಲಿ ತೀರಿಕೊಂಡ ಮೇಲೆ ಸಮುದಾಯದ ನಾಯಕತ್ವ ಯಾರಿಗೆ ಸೇರಬೇಕೆಂಬ ವಿವಾದದಲ್ಲಿ, ಅದು ಅಲಿ ಮತ್ತು ಆತನ ಸಂತತಿಗೇ ಸೇರಬೇಕೆಂದವರು ಶಿಯಾಗಳಾದರು. 765ರಲ್ಲಿ ಇಮಾಮ್ ಜಾಫರ್ ಅಲ್ ಸಾದಿಕ್ ತೀರಿಕೊಂಡ ನಂತರ ಆತನ ಮಗ ಇಸ್ಮಾಯಿಲನ ವಂಶವನ್ನು ಹಿಡಿದವರು ಇಸ್ಮಾಯಿಲಿಗಳೆನಿಸಿಕೊಂಡರು. ಇವರು 909ರಲ್ಲಿ ಉತ್ತರ ಆಫ್ರಿಕಾದಲ್ಲಿ ಫಾತಿಮಿ ಖಿಲಾಫತ್ತನ್ನು ಸ್ಥಾಪಿಸಿದರು. 969ರಲ್ಲಿ ಕೈರೋ ನಗರವನ್ನು ಕಟ್ಟಿದರು. ಅಲ್ ಅಜ್ಹರ್ ವಿದ್ಯಾಕೇಂದ್ರ ಅವರು ಆರಂಭಿಸಿದ್ದು. 1094ರಲ್ಲಿ ಫಾತಿಮಿ ಖಲೀಫ ಅಲ್ ಮುಸ್ತನ್ಸಿರ್ ಸತ್ತಾಗ, ಹಿರಿಯ ಮಗ ನಿಜಾರನನ್ನು ಬದಿಗೊತ್ತಿ ವಜೀರನು ಕಿರಿಯವನಾದ ಅಲ್ ಮುಸ್ತಾಲಿಯನ್ನು ಗದ್ದುಗೆಗೇರಿಸಿದ. ದಂಗೆಯೆದ್ದ ನಿಜಾರ್ ಸೋತು ಸೆರೆಯಾಗಿ ಕೊಲೆಯಾದ. ಪಂಥ ಅಲ್ಲಿಗೆ ಎರಡಾಯಿತು. ಮುಸ್ತಾಲಿಯ ಕಡೆಯ ಕವಲಿನಿಂದ ಬಂದವರು ಕರ್ನಾಟಕದ ವ್ಯಾಪಾರದ ಪೇಟೆಗಳಲ್ಲಿಯೂ ಪರಿಚಿತರಾದ ಬೊಹ್ರಾಗಳು. ನಿಜಾರನ ಪಕ್ಷ ಹಿಡಿದವರು ಪರ್ಷಿಯಾ ಮತ್ತು ಸಿರಿಯಾದ ಬೆಟ್ಟಗಳ ಜನ. ಅವರ ನಾಯಕ ಹಸನ್ ಸಬ್ಬಾಹ್.

ಕುಮ್ ನಗರದಲ್ಲಿ ಹುಟ್ಟಿ ರೈ ನಗರದಲ್ಲಿ ಬೆಳೆದ ಹಸನ್ ಹನ್ನೆರಡು ಇಮಾಮರನ್ನು ನಂಬುವ ಶಿಯಾ ಕುಟುಂಬದವನು. ಇಸ್ಮಾಯಿಲಿ ಬೋಧಕರ ವಾದಕ್ಕೆ ಒಲಿದು ಆ ಪಂಥಕ್ಕೆ ಬಂದ. ಈಜಿಪ್ಟಿಗೆ ಹೋಗಿ ಬಂದು ಪರ್ಷಿಯಾದ ಉದ್ದಗಲ ಸುತ್ತಿದ. 1090ರಲ್ಲಿ ಅಲಮೂತ್ ಕೋಟೆಯನ್ನು ಕೈವಶ ಮಾಡಿಕೊಂಡ. ಅಲ್ಲಿ ದೊಡ್ಡ ಯುದ್ಧವೇನೂ ನಡೆಯಲಿಲ್ಲ. ಕೋಟೆಯ ಒಳಗಿನ ಸೈನಿಕರನ್ನು ಮೊದಲೇ ತನ್ನ ಕಡೆಗೆ ಒಲಿಸಿಕೊಂಡು, ಕೋಟೆಯ ಒಡೆಯನಿಗೆ 3,000 ದಿನಾರುಗಳ ಹುಂಡಿ ಬರೆದುಕೊಟ್ಟು ಕಳಿಸಿದ ಎಂದು ಜುವೈನಿಯೇ ದಾಖಲಿಸುತ್ತಾನೆ. ಆಮೇಲಿನ 34 ವರ್ಷ, ಅಂದರೆ 1124ರಲ್ಲಿ ಸಾಯುವವರೆಗೆ, ಹಸನ್ ಆ ಬೆಟ್ಟ ಇಳಿಯಲಿಲ್ಲ. ಓದು, ಬರಹ, ಆಡಳಿತ ಇವಿಷ್ಟೇ ಆತನ ದಿನಚರಿ. ಕಣಿವೆಯಲ್ಲಿ ನೀರಾವರಿ ಮಾಡಿಸಿದ, ಬಂಡೆ ಕೊರೆದು ನೀರಿನ ತೊಟ್ಟಿಗಳನ್ನು ಕಟ್ಟಿಸಿದ. ಧರ್ಮದ ಬರವಣಿಗೆಗೆ ಅರಬ್ಬಿಯ ಬದಲು ಜನರ ಭಾಷೆಯಾದ ಪರ್ಷಿಯನ್ನನ್ನು ಆರಿಸಿಕೊಂಡ. ಆ ಕಾಲದಲ್ಲಿ ಇದು ಸಣ್ಣ ತೀರ್ಮಾನವಲ್ಲ.

ಹಸನನ ಬಗ್ಗೆ ಹಬ್ಬಿದ ಮೊದಲ ಕಟ್ಟುಕಥೆ ಕನ್ನಡದ ಓದುಗರಿಗೂ ದೂರದ್ದಲ್ಲ. ಡಿ.ವಿ.ಜಿ.ಯವರ ‘ಉಮರನ ಒಸಗೆ’ಯ ಮೂಲಕ ಕನ್ನಡಕ್ಕೆ ಬಂದ ಉಮರ್ ಖಯ್ಯಾಮ್, ಸೆಲ್ಜುಕ್ ಸಾಮ್ರಾಜ್ಯದ ವಜೀರ ನಿಜಾಮ್ ಉಲ್ ಮುಲ್ಕ್ ಮತ್ತು ಹಸನ್ ಸಬ್ಬಾಹ್ ಒಂದೇ ಗುರುವಿನ ಬಳಿ ಓದಿದ ಗೆಳೆಯರೆಂದೂ, ಮುಂದೆ ಒಬ್ಬ ಕವಿಯಾಗಿ, ಒಬ್ಬ ಮಂತ್ರಿಯಾಗಿ, ಒಬ್ಬ ದ್ರೋಹಿಯಾದನೆಂದೂ ಹೇಳುವ ಕಥೆ ಅದು. 1859ರಲ್ಲಿ ಖಯ್ಯಾಮನನ್ನು ಇಂಗ್ಲಿಷಿಗೆ ತಂದ ಫಿಟ್ಜ್‌ಜೆರಾಲ್ಡ್ ತನ್ನ ಮುನ್ನುಡಿಯಲ್ಲಿ ಇದನ್ನು ಸೇರಿಸಿ ಜಗತ್ಪ್ರಸಿದ್ಧಗೊಳಿಸಿದ. ಆದರೆ ನಿಜಾಮ್ ಹುಟ್ಟಿದ್ದು 1018ರಲ್ಲಿ, ಖಯ್ಯಾಮ್ 1048ರಲ್ಲಿ. ಮೂವತ್ತು ವರ್ಷಗಳ ಅಂತರದ ಸಹಪಾಠಿಗಳು! ವೈಯಕ್ತಿಕ ಮತ್ಸರದ ಕಥೆಯೊಂದಿದ್ದರೆ ರಾಜಕೀಯ ಕಾರಣಗಳನ್ನು ಹುಡುಕುವ ಶ್ರಮ ತಪ್ಪುತ್ತದೆ. ಈ ಕಥೆ ಇಷ್ಟು ಕಾಲ ಬಾಳಿದ್ದಕ್ಕೆ ಅದೂ ಒಂದು ಕಾರಣ.

ರಾಜಕೀಯ ಕಾರಣಗಳು ಸಾಕಷ್ಟಿದ್ದವು. ತುರ್ಕಿ ಮೂಲದ ಸೆಲ್ಜುಕರು ಅಂದು ಪರ್ಷಿಯಾದಿಂದ ಸಿರಿಯಾದವರೆಗೆ ಆಳುತ್ತಿದ್ದರು. ಬಾಗ್ದಾದಿನ ಸುನ್ನಿ ಖಲೀಫನ ರಕ್ಷಕರೆಂಬ ಬಿರುದು ಅವರದು. ಆದರೆ ಅವರ ಅಧಿಕಾರ ಒಂದೇ ಕೇಂದ್ರದಲ್ಲಿ ಇರಲಿಲ್ಲ. ಜಮೀನಿನ ಆದಾಯವನ್ನು ಹಂಚಿಕೊಂಡ ನೂರಾರು ಅಮೀರರ, ಕೋಟೆಗಳ, ಪಾಳೆಯಗಳ ನಡುವೆ ಹರಿದು ಹೋಗಿತ್ತು. ಒಬ್ಬ ಅಮೀರನ ಸೈನ್ಯ ಅವನು ಬದುಕಿರುವವರೆಗಷ್ಟೇ ಸೈನ್ಯ. ಅವನು ಸತ್ತ ಮರುದಿನ ಅದು ಚದುರಿ ಹೋಗುತ್ತಿತ್ತು. ಅಧಿಕಾರ ವ್ಯಕ್ತಿಯಲ್ಲಿಯೇ ಕೂಡಿಕೊಂಡಿರುವಾಗ, ರಣರಂಗದಲ್ಲಿ ಎದುರಿಸಿ ನಿಲ್ಲಲಾಗದ ಚದುರಿದ ಅಲ್ಪಸಂಖ್ಯಾತ ಪಂಥವೊಂದು ಆ ವ್ಯಕ್ತಿಯನ್ನೇ ಗುರಿಯಾಗಿಸಿತು. ಅಮೆರಿಕದ ಚರಿತ್ರೆಕಾರ ಮಾರ್ಷಲ್ ಹಾಡ್ಜ್‌ಸನ್ 1955ರಲ್ಲಿ ಪ್ರಕಟಿಸಿದ ತನ್ನ ಅಧ್ಯಯನದಲ್ಲಿ ನಿಜಾರಿಗಳ ಕೊಲೆಗಳನ್ನು ಹುಚ್ಚಿನ ಲಕ್ಷಣವಾಗಿ ನೋಡದೆ, ಅಂದಿನ ಅಧಿಕಾರದ ರಚನೆಯೊಂದಿಗೆ ಇಟ್ಟು ನೋಡಿದ. ಅದು ಸಮರ್ಥನೆಯಲ್ಲ, ವಿವರಣೆ.

1092ರ ಅಕ್ಟೋಬರ್ 14ರಂದು ನಹಾವಂದಿನ ಬಳಿ, ಸೂಫಿಯ ವೇಷದಲ್ಲಿ ಅರ್ಜಿ ಹಿಡಿದು ಬಂದವನೊಬ್ಬ ವಜೀರ ನಿಜಾಮ್ ಉಲ್ ಮುಲ್ಕನನ್ನು ಇರಿದು ಕೊಂದ. ಮಂತ್ರಿಯ ಸಾವು ಸುಲ್ತಾನ ಮಲಿಕ್ ಶಾನಿಗೂ ಆತನ ಪತ್ನಿಗೂ ಬೇಕಾಗಿತ್ತು ಎಂಬ ಗುಮಾನಿ ಆಗಲೇ ಇತ್ತು. ಮರುತಿಂಗಳೇ ಸುಲ್ತಾನನೂ ಸತ್ತ. ಮುಂದಿನ ದಶಕಗಳಲ್ಲಿ ಇದೇ ಕ್ರಮ ಮರುಕಳಿಸಿತು. ಕೊಲ್ಲಲು ಹೊರಡುವವನನ್ನು ‘ಫಿದಾಯಿ’, ಅಂದರೆ ತನ್ನನ್ನು ಅರ್ಪಿಸಿಕೊಂಡವನು, ಎನ್ನುತ್ತಿದ್ದರು. ಆಯುಧ ಕಠಾರಿ, ದೂರದಿಂದ ಬಿಡುವ ಬಾಣವಲ್ಲ, ಗುಟ್ಟಾಗಿ ಬೆರೆಸುವ ವಿಷವಲ್ಲ. ಸ್ಥಳ ಹೆಚ್ಚಾಗಿ ಜನ ಸೇರುವ ಮಸೀದಿ ಅಥವಾ ದರಬಾರು. ಕೊಂದವನು ಬದುಕಿ ಬರುವುದು ವಿರಳ. 1135ರಲ್ಲಿ ಬಾಗ್ದಾದಿನ ಖಲೀಫ ಅಲ್ ಮುಸ್ತರ್ಶಿದ್, 1138ರಲ್ಲಿ ಪದಚ್ಯುತನಾಗಿದ್ದ ಅವನ ಮಗ ಅಲ್ ರಾಶಿದ್, 1152ರಲ್ಲಿ ತ್ರಿಪೋಲಿಯ ಕ್ರೈಸ್ತ ದೊರೆ ಎರಡನೆಯ ರೇಮಂಡ್, 1192ರ ಏಪ್ರಿಲ್ 28ರಂದು ಟೈರ್ ನಗರದಲ್ಲಿ ಜೆರುಸಲೇಮಿನ ರಾಜನಾಗಿ ಆಯ್ಕೆಯಾಗಿದ್ದ ಕಾನ್ರಾಡ್ ಹೀಗೆ ಬಿದ್ದವರು. ಸಿರಿಯಾದ ಮಸ್ಯಾಫ್ ಕೋಟೆಯಿಂದ ಆಳುತ್ತಿದ್ದ ರಶೀದುದ್ದೀನ್ ಸಿನಾನನ ಜನ ಸಲಾದಿನ್ನನ ಮೇಲೂ ಎರಡು ಬಾರಿ ಎರಗಿ ವಿಫಲರಾದರು.

ಈ ಪಟ್ಟಿಯನ್ನು ಓದುವಾಗ ಅದರ ಗಾತ್ರವನ್ನು ನೋಡಬೇಕು. ಅಲಮೂತಿನಲ್ಲಿಯೇ ಇಟ್ಟಿದ್ದ, ಮುಂದೆ ಪರ್ಷಿಯನ್ ಚರಿತ್ರೆಕಾರರ ಕೈಗೆ ಬಂದ ಪಟ್ಟಿಗಳ ಪ್ರಕಾರ ಹಸನ್ ಸಬ್ಬಾಹನ 34 ವರ್ಷಗಳಲ್ಲಿ ಬಿದ್ದವರು ಸುಮಾರು 50 ಮಂದಿ. ಅವನ ನಂತರ ಈ ಸಂಖ್ಯೆ ಇಳಿಯುತ್ತ ಹೋಯಿತು. ಎದುರಿಗೆ ಇಡಬೇಕಾದ ಇನ್ನೊಂದು ಲೆಕ್ಕವಿದೆ. 1107ರಲ್ಲಿ ಇಸ್ಫಹಾನಿನ ಬಳಿಯ ಶಾಹ್‌ದಿಜ್ ಕೋಟೆ ಬಿದ್ದಾಗ ಅಲ್ಲಿನ ಇಸ್ಮಾಯಿಲಿ ನಾಯಕ ಇಬ್ನ್ ಅತ್ತಾಶನನ್ನು ಬೀದಿಯಲ್ಲಿ ಮೆರವಣಿಗೆ ಮಾಡಿ, ಜೀವಂತ ಚರ್ಮ ಸುಲಿದರು. 1113ರಲ್ಲಿ ಅಲೆಪ್ಪೊದಲ್ಲಿ, 1129ರಲ್ಲಿ ದಮಾಸ್ಕಸ್‌ನಲ್ಲಿ ಇಸ್ಮಾಯಿಲಿಗಳೆಂದು ಗುರುತಿಸಿದವರನ್ನೆಲ್ಲ ಜನರ ಗುಂಪೂ ಸೈನಿಕರೂ ಕೂಡಿ ಕೊಂದರು. ದಮಾಸ್ಕಸ್‌ನ ಸತ್ತವರ ಸಂಖ್ಯೆಯಲ್ಲಿ ಚರಿತ್ರೆಕಾರರಿಗೆ ಒಮ್ಮತವಿಲ್ಲ. ಸಾವಿರಗಳಲ್ಲಿ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಮಂಗೋಲರು ಕುಹಿಸ್ತಾನ್ ಪ್ರಾಂತದಲ್ಲಿ 12,000 ಇಸ್ಮಾಯಿಲಿಗಳನ್ನು ಒಟ್ಟುಗೂಡಿಸಿ ಕೊಂದರೆಂದು ಜುವೈನಿ ಬರೆಯುತ್ತಾನೆ. ಶರಣಾಗತನಾದ ಕೊನೆಯ ಒಡೆಯ ರುಕ್ನುದ್ದೀನ್ ಖುರ್‌ಶಾಹನ ಬಂಧುಬಳಗದಲ್ಲಿ ಹೆಂಗಸರು, ತೊಟ್ಟಿಲ ಮಕ್ಕಳನ್ನೂ ಬಿಡಲಿಲ್ಲ. 50 ಜನ ಪ್ರಬಲರ ಕೊಲೆಯಿಂದ ಜಗತ್ತಿನ ನಿಘಂಟಿಗೆ ಒಂದು ಪದ ಬಂತು. ಹನ್ನೆರಡು ಸಾವಿರ ದುರ್ಬಲರ ಕೊಲೆ ಒಂದು ಅಡಿಟಿಪ್ಪಣಿಯಾಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧಸತ್ಯವಾಗುತ್ತದೆ. ಪೀಡಿತರ ಪರ ನಿಲ್ಲುವ ಉತ್ಸಾಹದಲ್ಲಿ ಪೀಡಿತರ ಕೈಯ ಕಠಾರಿಯನ್ನು ಮರೆಮಾಡುವ ಚಾಳಿ ಪ್ರಗತಿಪರ ಬರವಣಿಗೆಗೂ ಉಂಟು. ಅಲಮೂತನ್ನು ಸಾಮ್ರಾಜ್ಯವಿರೋಧಿ ಕ್ರಾಂತಿಯ ಗಿರಿದುರ್ಗವೆಂದು ಬಣ್ಣಿಸುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಅವರು ಎದುರಿಸಬೇಕಾದ ಸಂಗತಿಗಳು ಕೆಲವು ಇವೆ. ಬಿದ್ದವರೆಲ್ಲ ಸುಲ್ತಾನರು, ಸೇನಾಪತಿಗಳಲ್ಲ. ತಮ್ಮ ವಿರುದ್ಧ ತೀರ್ಪು ಕೊಟ್ಟ ಕಾಜಿಗಳು, ವಿರುದ್ಧ ಬೋಧಿಸಿದ ವಿದ್ವಾಂಸರೂ ಅವರಲ್ಲಿದ್ದರು. ವಾದಕ್ಕೆ ಕಠಾರಿಯಿಂದ ಉತ್ತರ ಕೊಟ್ಟದ್ದನ್ನು ಯಾವ ಸಿದ್ಧಾಂತವೂ ತೊಳೆಯಲಾರದು. ಖಲೀಫನ ಮಗನ ಕೊಲೆಯ ಸುದ್ದಿ ಬಂದಾಗ ಅಲಮೂತಿನಲ್ಲಿ ವಾರವಿಡೀ ಸಂಭ್ರಮಿಸಿದರೆಂಬ ದಾಖಲೆಯಿದೆ. ಹಸನ್ ತನ್ನ ಇಬ್ಬರು ಗಂಡುಮಕ್ಕಳಿಗೂ ಮರಣದಂಡನೆ ಕೊಟ್ಟ; ಒಬ್ಬನಿಗೆ ಮದ್ಯಪಾನದ ಆರೋಪದ ಮೇಲೆ, ಇನ್ನೊಬ್ಬನಿಗೆ ಮುಂದೆ ಸುಳ್ಳೆಂದು ಗೊತ್ತಾದ ಕೊಲೆಯ ಆರೋಪದ ಮೇಲೆ. ಅಲಮೂತಿನ ಮೂರನೆಯ ಒಡೆಯ ಮುಹಮ್ಮದ್, ತನ್ನ ಮಗನನ್ನು ಇಮಾಮನೆಂದು ನಂಬಿದ ಸ್ವಂತ ಪಂಥದ 250 ಜನರನ್ನು ಕೊಲ್ಲಿಸಿ, ಅಷ್ಟೇ ಜನರನ್ನು ಕೋಟೆಯಿಂದ ಹೊರಹಾಕಿದನೆಂದು ಜುವೈನಿ ಹೇಳುತ್ತಾನೆ. ಆ ಮಗನೇ ಎರಡನೆಯ ಹಸನ್. 1164ರಲ್ಲಿ ಆತ ಬಾಹ್ಯ ಧರ್ಮಾಚರಣೆಯ ಕಾಲ ಮುಗಿದು ಅಂತರಂಗದ ಪುನರುತ್ಥಾನ ಬಂದಿದೆಯೆಂದು ಸಾರಿದ. ಎರಡೇ ವರ್ಷದಲ್ಲಿ, ಅದನ್ನೊಪ್ಪದ ಹೆಂಡತಿಯ ತಮ್ಮನಿಂದ ಇರಿತಕ್ಕೊಳಗಾಗಿ ಸತ್ತ. ಹೊರಗಿನವರಿಗೆಂದು ಮಸೆದ ಕಠಾರಿ ಮನೆಯೊಳಗೂ ತಿರುಗಿತು.

ಅದಕ್ಕಿಂತ ಕಠಿಣವಾದ ಪ್ರಶ್ನೆ ಇದು: ಒಬ್ಬೊಬ್ಬ ಫಿದಾಯಿಯ ಸಾಹಸಕ್ಕೆ ಬೆಲೆ ತೆತ್ತವರು ಯಾರು? ಕೋಟೆಯಲ್ಲಿದ್ದವರಿಗೆ ಗೋಡೆಗಳಿದ್ದವು. ನಗರಗಳಲ್ಲಿ ಅಂಗಡಿ ಇಟ್ಟುಕೊಂಡು, ನೇಯ್ಗೆ ಮಾಡಿಕೊಂಡು, ನಂಬಿಕೆಯನ್ನು ಗುಟ್ಟಾಗಿ ಕಾಪಾಡಿಕೊಂಡಿದ್ದ ಸಾಮಾನ್ಯ ಇಸ್ಮಾಯಿಲಿಗಳಿಗೆ ಗೋಡೆಗಳಿರಲಿಲ್ಲ. ಪ್ರತಿ ಕೊಲೆಯ ಮರುದಿನ ಗುಂಪು ನುಗ್ಗುತ್ತಿದ್ದುದು ಅವರ ಬೀದಿಗೆ. 1129ರ ದಮಾಸ್ಕಸ್ ಹತ್ಯಾಕಾಂಡಕ್ಕೆ ಪ್ರತೀಕಾರವಾಗಿ 1131ರಲ್ಲಿ ಅಲ್ಲಿನ ದೊರೆ ಬೂರಿಯನ್ನು ಇರಿದರು. ಆತ ಆ ಗಾಯದಿಂದಲೇ ಮರುವರ್ಷ ಸತ್ತ. ಸತ್ತ ಸಾವಿರಾರು ಜನ ಅದರಿಂದ ಎದ್ದು ಬರಲಿಲ್ಲ, ದಮಾಸ್ಕಸ್‌ನಲ್ಲಿ ಪಂಥ ಮತ್ತೆ ತಲೆಯೆತ್ತಲೂ ಇಲ್ಲ. ರಾಜಕೀಯ ಕೊಲೆ ನಿಜಾರಿಗಳಿಗೆ ಕಾಲಾವಕಾಶವನ್ನು ಗಳಿಸಿಕೊಟ್ಟಿರಬಹುದು, ಗೆಲುವನ್ನು ಕೊಡಲಿಲ್ಲ. ಸೆಲ್ಜುಕ್ ಆಳ್ವಿಕೆಯನ್ನು ಅದು ಉರುಳಿಸಲಿಲ್ಲ. ಭಯ ಹುಟ್ಟಿಸಿತು, ಆ ಭಯವೇ ಹತ್ಯಾಕಾಂಡಗಳಿಗೆ ನೆಪವಾಯಿತು. ಶರಣಾದ ಮೇಲೂ ಮಂಗೋಲರು ಇವರನ್ನು ಬಿಡದಿದ್ದುದಕ್ಕೆ ಈ ಭಯವೂ ಒಂದು ಕಾರಣ. ಮಂಗೋಲ್ ಸಾಮ್ರಾಟ ಮಂಗುವನ್ನು ಕೊಲ್ಲಲು ನಲವತ್ತು ಜನ ವೇಷ ಮರೆಸಿಕೊಂಡು ಬಂದಿದ್ದಾರೆಂಬ ಮಾತನ್ನು 1254ರಲ್ಲಿ ಕಾರಾಕೋರಂನಲ್ಲಿದ್ದ ಫ್ರಾನ್ಸಿಸ್ಕನ್ ಸನ್ಯಾಸಿ ರುಬ್ರುಕ್‌ನ ವಿಲಿಯಂ ಕೇಳಿ ಬರೆದಿಟ್ಟಿದ್ದಾನೆ.

ಇನ್ನು ‘ಹಶೀಶಿ’ ಎಂಬ ಹೆಸರಿನ ಕಥೆ. ಅದನ್ನು ಇವರ ಮೇಲೆ ಬಳಸಿದ ಮೊದಲ ಬರಹಗಳಲ್ಲೊಂದು ಬಂದದ್ದು ಸುನ್ನಿಗಳಿಂದಲ್ಲ, ಕ್ರೈಸ್ತರಿಂದಲೂ ಅಲ್ಲ. ಕೈರೋದ ಫಾತಿಮಿ ಖಲೀಫ ಅಲ್ ಆಮಿರ್, ಅಂದರೆ ಎದುರು ಪಾಳೆಯದ ಇಸ್ಮಾಯಿಲಿಯೇ, 1123ರ ಸುಮಾರಿಗೆ ಹೊರಡಿಸಿದ ಪತ್ರದಲ್ಲಿ ನಿಜಾರಿಗಳನ್ನು ಹೀಗೆ ಕರೆದ. ಅಲ್ಲಿ ಆ ಪದಕ್ಕೆ ಯಾವ ವಿವರಣೆಯೂ ಇಲ್ಲ; ‘ಭಂಗಿಕೋರರು’ ಎಂದು ಬೈದ ಹಾಗೆ ಅದು ಹೀನಾಯದ ಮಾತು. ಏಳು ವರ್ಷಗಳ ಅನಂತರ ಆತನೇ ನಿಜಾರಿಗಳ ಕೈಯಲ್ಲಿ ಕೊಲೆಯಾದ. ಪರ್ಷಿಯಾದ ವಿರೋಧಿಗಳು ಇವರನ್ನು ‘ಮುಲಾಹಿದಾ’, ಅಂದರೆ ಧರ್ಮಭ್ರಷ್ಟರು, ಎಂದು ಕರೆದರು. ಫಿದಾಯಿಗಳು ಮಾದಕದ ಅಮಲಿನಲ್ಲಿ ಕೊಲ್ಲುತ್ತಿದ್ದರೆಂದು ಅಂದಿನ ಇಸ್ಮಾಯಿಲಿ ಗ್ರಂಥಗಳಾಗಲಿ, ಇವರನ್ನು ತುಂಬ ದ್ವೇಷಿಸಿದ ಜುವೈನಿಯಂಥ ಮುಸ್ಲಿಂ ಚರಿತ್ರೆಕಾರರಾಗಲಿ ಹೇಳುವುದಿಲ್ಲ. ಹೇಳಲು ಅವಕಾಶವಿದ್ದೂ ಜುವೈನಿ ಹೇಳಲಿಲ್ಲ ಎಂಬುದು ಗಮನಾರ್ಹ.

ಸಾಮಾನ್ಯ ವಿವೇಕವೂ ಆ ಕಥೆಗೆ ವಿರುದ್ಧವಾಗಿದೆ. ಟೈರ್ ನಗರದಲ್ಲಿ ಕಾನ್ರಾಡನನ್ನು ಕೊಂದ ಇಬ್ಬರು ಕ್ರೈಸ್ತ ಸನ್ಯಾಸಿಗಳ ವೇಷದಲ್ಲಿ ತಿಂಗಳುಗಟ್ಟಲೆ ಅಲ್ಲಿಯೇ ಬಾಳಿ, ಎಲ್ಲರ ವಿಶ್ವಾಸ ಗಳಿಸಿ, ಸಮಯ ಕಾದಿದ್ದರು. ಪರಭಾಷೆ, ಪರಧರ್ಮದ ಆಚಾರಗಳನ್ನು ಕಲಿತು, ವೇಷ ಮರೆಸಿಕೊಂಡು, ತಾಳ್ಮೆಯಿಂದ ಕಾಯುವುದು ಅಮಲೇರಿದವನಿಂದ ಆಗುವ ಕೆಲಸವಲ್ಲ.

ಆದರೆ ಪ್ರಾಣಭಯವಿಲ್ಲದ ನಿಷ್ಠೆಯನ್ನು ಅರ್ಥಮಾಡಿಕೊಳ್ಳುವುದಕ್ಕಿಂತ ಅದಕ್ಕೊಂದು ಔಷಧಿಯನ್ನು ಕಲ್ಪಿಸುವುದು ಸುಲಭವಾಗಿತ್ತು. 12ನೆಯ ಶತಮಾನದ ಕೊನೆಯಿಂದ ಯುರೋಪಿನ ಬರಹಗಾರರು ಈ ಕಥೆಯನ್ನು ಕಂತುಕಂತಾಗಿ ಕಟ್ಟಿದರು. ಒಬ್ಬ ಮದ್ದು ಬೆರೆಸಿದ, ಇನ್ನೊಬ್ಬ ಅರಮನೆ ಕಟ್ಟಿದ. 1298ರಲ್ಲಿ ಜಿನೋವಾದ ಸೆರೆಮನೆಯಲ್ಲಿ ಮಾರ್ಕೊ ಪೋಲೊ ಹೇಳಿ ಬರೆಯಿಸಿದ ಪ್ರವಾಸಕಥನದಲ್ಲಿ ಅದು ಪೂರ್ಣರೂಪ ತಾಳಿತು: ಬೆಟ್ಟದ ಮುದುಕ, ಹಾಲು ಜೇನು ಹರಿಯುವ ಗುಪ್ತ ಉದ್ಯಾನ, ಹಾಡುವ ಸುಂದರಿಯರು, ನಿದ್ದೆಯ ಮದ್ದು ಕುಡಿಸಿ ಅಲ್ಲಿಗೆ ಸಾಗಿಸಲ್ಪಟ್ಟು ಅದನ್ನೇ ಸ್ವರ್ಗವೆಂದು ನಂಬಿದ ಯುವಕರು. ಪೋಲೊ ಆ ಸೀಮೆಯನ್ನು ಹಾದುಹೋಗುವ ಹೊತ್ತಿಗೆ ಅಲಮೂತ್ ಬಿದ್ದು ಹದಿನೈದು ವರ್ಷಗಳ ಮೇಲಾಗಿತ್ತು. ಕೋಟೆಯನ್ನು ಹೊಕ್ಕು ನೋಡಿದ ಜುವೈನಿ ನೀರಿನ ತೊಟ್ಟಿಗಳನ್ನು, ಉಗ್ರಾಣಗಳನ್ನು ಬೆರಗಿನಿಂದ ವರ್ಣಿಸುತ್ತಾನೆ. ಉದ್ಯಾನದ ಸುಳಿವೇ ಇಲ್ಲ. ಆ ಪದದ ಪ್ರಯಾಣವೂ ಕುತೂಹಲಕರ. ಪ್ರೊವಾನ್ಸ್ ಸೀಮೆಯ ಪ್ರೇಮಕವಿಗಳು ಮೊದಮೊದಲು ‘ಅಸಾಸಿನ್’ ಎಂಬುದನ್ನು ಪ್ರಾಣ ಕೊಡುವಷ್ಟು ನಿಷ್ಠನಾದ ಪ್ರೇಮಿಗೆ ಉಪಮೆಯಾಗಿ ಬಳಸಿದರು. 14ನೆಯ ಶತಮಾನದ ಆರಂಭದಲ್ಲಿ ದಾಂತೆಯ ನರಕವರ್ಣನೆಯ ಹೊತ್ತಿಗೆ ಅದರ ಅರ್ಥ ಬಾಡಿಗೆಯ ಕೊಲೆಗಾರ ಎಂದಾಗಿತ್ತು. ನಿಷ್ಠೆ ಉದುರಿಹೋಗಿ ಕೊಲೆಯಷ್ಟೇ ಉಳಿಯಿತು.

ಈ ಕಥೆಗೆ ಶಾಸ್ತ್ರದ ಮುದ್ರೆ ಒತ್ತಿದ್ದು 19ನೆಯ ಶತಮಾನ. 1809ರಲ್ಲಿ ಪ್ಯಾರಿಸ್ಸಿನ ಅರಬ್ಬೀ ವಿದ್ವಾಂಸ ಸಿಲ್ವೆಸ್ತ್ರ್ ದ ಸಾಸಿ ಪದದ ಮೂಲವನ್ನು ಸರಿಯಾಗಿಯೇ ಗುರುತಿಸಿದರೂ ಹಶೀಶಿನ ಕಥೆಯನ್ನು ಬಹುಮಟ್ಟಿಗೆ ಒಪ್ಪಿಕೊಂಡ. 1818ರಲ್ಲಿ ಆಸ್ಟ್ರಿಯಾದ ರಾಜತಾಂತ್ರಿಕ ಹಾಮರ್ ಪುರ್ಗ್‌ಸ್ಟಾಲ್ ಬರೆದ ಪುಸ್ತಕದ ನಿಜವಾದ ಗುರಿ ಅಲಮೂತ್ ಆಗಿರಲಿಲ್ಲ. ಫ್ರೆಂಚ್ ಕ್ರಾಂತಿಯ ನೆನಪಿನಿಂದ ನಡುಗುತ್ತಿದ್ದ ಅರಸೊತ್ತಿಗೆಗಳಿಗೆ ಗುಪ್ತಸಂಘಗಳ ಅಪಾಯವನ್ನು ತೋರಿಸಿಕೊಡುವುದಾಗಿತ್ತು. ಆ ಪುಸ್ತಕ 1835ರಲ್ಲಿ ಇಂಗ್ಲಿಷಿಗೆ ಬಂತು. ಅದೇ ದಶಕದಲ್ಲಿ ಭಾರತದಲ್ಲಿ ಬ್ರಿಟಿಷ್ ಅಧಿಕಾರಿ ಸ್ಲೀಮನ್ ‘ಥಗ್’ ಎಂಬ ಇನ್ನೊಂದು ಪದವನ್ನು ಇಂಗ್ಲಿಷಿಗೆ ಕೊಡುತ್ತಿದ್ದ. ಮುಂದೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡು ಕನ್ನಡ ನಾಡಿನಲ್ಲಿ ಹೆಸರಾದ ಮೆಡೋಸ್ ಟೇಲರ್, ಥಗ್ಗನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿಯನ್ನು 1839ರಲ್ಲಿ ಪ್ರಕಟಿಸಿದ. ದರೋಡೆ, ಕೊಲೆಗಳು ನಡೆದಿರಲಿಲ್ಲವೆಂದಲ್ಲ. ಆದರೆ ಕೃತ್ಯವನ್ನು ಬಿಟ್ಟು ಕುಲವನ್ನು ಹಿಡಿಯುವ ಈ ಅಭ್ಯಾಸ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯಾಗಿ ಗಟ್ಟಿಯಾಯಿತು. ಹುಟ್ಟಿದ ಮಗು ಹುಟ್ಟುತ್ತಲೇ ಶಂಕಿತನಾಯಿತು. ಹೆಸರು ಬರಿಯ ಹೆಸರಲ್ಲ. ಅದು ಪೊಲೀಸ್ ಠಾಣೆಯ ದಾಖಲೆಯಾಗಬಲ್ಲದು.

ಅಲಮೂತಿನ ಜನರ ನಿಜವಾದ ಮುಂದಿನ ಚರಿತ್ರೆ ಕಠಾರಿಯದ್ದಲ್ಲ. ಖುರ್‌ಶಾಹನ ವಂಶದ ಕುರುಹೇ ಉಳಿಯಲಿಲ್ಲವೆಂದು ಜುವೈನಿ ಬರೆದ. ಆದರೆ ಆತನ ಮಗನೊಬ್ಬ ತಪ್ಪಿಸಿಕೊಂಡು ಅಜರ್ಬೈಜಾನಿನಲ್ಲಿ ಜರಿಕಸೂತಿಯ ಕೆಲಸ ಮಾಡಿಕೊಂಡು ತಲೆಮರೆಸಿ ಬಾಳಿದನೆಂದು ಪರಂಪರೆ ಹೇಳುತ್ತದೆ. ನಂಬಿದವರು ಸೂಫಿಗಳ ಹಾಗೆ, ವ್ಯಾಪಾರಿಗಳ ಹಾಗೆ, ಕವಿಗಳ ಹಾಗೆ ಬದುಕಿದರು. ಪಾಮೀರ್ ಕಣಿವೆಗಳಲ್ಲಿ ಹಸ್ತಪ್ರತಿಗಳನ್ನು ಬಚ್ಚಿಟ್ಟರು. ಸಿಂಧ್, ಗುಜರಾತಿನಲ್ಲಿ ಖೋಜಾಗಳಾಗಿ ಗಿನಾನ್ ಎಂಬ ಭಕ್ತಿಗೀತೆಗಳನ್ನು ಹಾಡಿದರು. ನಿಜಾರಿ ಇಮಾಮರ ಇನ್ನೊಂದು ಕವಲಿನ ಶಾಹ್ ತಾಹಿರ್ 16ನೆಯ ಶತಮಾನದಲ್ಲಿ ದಖ್ಖನಿಗೆ ಬಂದು ಅಹಮದ್‌ನಗರದ ನಿಜಾಮಶಾಹಿಯ ಮುಖ್ಯ ಸಲಹೆಗಾರನಾದ. ಆತನ ಕಥೆಯನ್ನು ದಾಖಲಿಸಿದವನು ಬಿಜಾಪುರದಲ್ಲಿ ಕುಳಿತು ಬರೆದ ಫರಿಶ್ತಾ.

ಹಳೆಯ ಹೆಸರು ಮಾತ್ರ ಬೆನ್ನು ಬಿಡಲಿಲ್ಲ. 1866ರಲ್ಲಿ ಬೊಂಬಾಯಿಯ ಹೈಕೋರ್ಟಿನಲ್ಲಿ ಖೋಜಾ ಸಮುದಾಯದ ಮೇಲೆ ಮೊದಲನೆಯ ಆಗಾ ಖಾನರಿಗಿದ್ದ ಅಧಿಕಾರದ ವ್ಯಾಜ್ಯ ನಡೆದಾಗ, ನ್ಯಾಯಮೂರ್ತಿ ಆರ್ನಾಲ್ಡ್ ಅವರ ತೀರ್ಪು ಆಗಾ ಖಾನರ ಪರವಾಗಿ ಬಂತು. ಆ ತೀರ್ಪಿನೊಳಗೂ ಅಲಮೂತಿನ ಒಡೆಯರ ಕಥೆ ತಲೆಹಾಕಿತು. ಚಿತ್ರ ಬದಲಾಗತೊಡಗಿದ್ದು ಅದೇ ನಗರದಲ್ಲಿ. ರಷ್ಯಾದಿಂದ ಬಂದು ನೆಲೆಸಿದ ವಿದ್ವಾಂಸ ವ್ಲಾದಿಮಿರ್ ಇವಾನೊವ್, ಸಮುದಾಯದವರು ತಲೆಮಾರುಗಳಿಂದ ಮನೆಗಳಲ್ಲಿ ಬಚ್ಚಿಟ್ಟಿದ್ದ ಹಸ್ತಪ್ರತಿಗಳನ್ನು ಹುಡುಕಿ, 1933ರಲ್ಲಿ ಇಸ್ಮಾಯಿಲಿ ಸಾಹಿತ್ಯದ ಸೂಚಿಯನ್ನು ಪ್ರಕಟಿಸಿದ. ಸುಟ್ಟ ಗ್ರಂಥಭಂಡಾರದ ಕೆಲವು ಧ್ವನಿಗಳು ಏಳು ಶತಮಾನಗಳ ಮೇಲೆ ಮತ್ತೆ ಕೇಳಿಸಿದವು. 1994ರಲ್ಲಿ ಫರ್ಹಾದ್ ದಫ್ತರಿ ಹಶೀಶಿನ ಕಥೆ ಎಳೆ ಎಳೆಯಾಗಿ ಹೇಗೆ ಹುಟ್ಟಿತೆಂದು ಒಂದಿಡೀ ಪುಸ್ತಕದಲ್ಲಿ ಬಿಡಿಸಿ ತೋರಿಸಿದರು.

ವಿದ್ವತ್ತು ಬಿಡಿಸಿದ್ದನ್ನು ಮಾರುಕಟ್ಟೆ ಮತ್ತೆ ಹೆಣೆಯಿತು. ಸ್ಲೊವೇನಿಯಾದ ವ್ಲಾದಿಮಿರ್ ಬಾರ್ತೊಲ್ 1938ರಲ್ಲಿ ಬರೆದ ‘ಅಲಮೂತ್’ ಕಾದಂಬರಿ ಫ್ಯಾಸಿಸಂನ ಕಾಲದ ಕುರುಡುನಿಷ್ಠೆಯನ್ನು ಕುರಿತದ್ದು. ಅದಕ್ಕೆ ಪೋಲೊನ ಉದ್ಯಾನ ರೂಪಕವಾಗಿ ಒದಗಿತು. ಆದರೆ ಎಷ್ಟೋ ಓದುಗರು ರೂಪಕವನ್ನು ಬಿಟ್ಟು ಉದ್ಯಾನವನ್ನೇ ಚರಿತ್ರೆಯೆಂದು ನಂಬಿದರು. 2007ರಿಂದ ಬಂದ ವಿಡಿಯೋ ಗೇಮ್ ಸರಣಿ ಮಸ್ಯಾಫಿನ ಕೋಟೆಯನ್ನು ಮಕ್ಕಳ ಮಲಗುವ ಕೋಣೆಗೆ ತಂದಿತು. ಅಲ್ಲಿ ಕೊಲೆಗಾರ ನಾಯಕ. ಇಸ್ಮಾಯಿಲಿ ಎಂಬ ಜನ ಎಲ್ಲಿಯೂ ಇಲ್ಲ. 2001ರ ಸೆಪ್ಟೆಂಬರ್ ನಂತರ ಪತ್ರಿಕೆಗಳೂ ‘ಬೆಟ್ಟದ ಮುದುಕ’ನನ್ನು ಆತ್ಮಾಹುತಿ ಬಾಂಬರುಗಳ ಮೂಲಪುರುಷನೆಂದು ಎಳೆತಂದವು. ಹೆಸರಿಟ್ಟು ಆರಿಸಿದ ಅಧಿಕಾರಸ್ಥನನ್ನು ಇರಿಯುವುದಕ್ಕೂ ಗುರುತಿಲ್ಲದ ಸಾವಿರಾರು ಜನರನ್ನು ಸುಡುವುದಕ್ಕೂ ನಡುವಿನ ಅಂತರ, ನಡುವೆ ಬಿದ್ದ ಏಳುನೂರಕ್ಕೂ ಮಿಕ್ಕಿದ ವರ್ಷಗಳು ಆ ಬರಹಗಳಲ್ಲಿ ಮಾಯವಾದವು.

ವಾಸ್ತವ ಬೇರೆಯೇ ಇತ್ತು. 2015ರ ಮೇ 13ರಂದು ಕರಾಚಿಯಲ್ಲಿ ಇಸ್ಮಾಯಿಲಿಗಳನ್ನು ಒಯ್ಯುತ್ತಿದ್ದ ಬಸ್ಸನ್ನು ತಡೆದು ಬಂದೂಕುಧಾರಿಗಳು ನಲವತ್ತಕ್ಕೂ ಹೆಚ್ಚು ಗಂಡಸರು, ಹೆಂಗಸರನ್ನು ಕೊಂದರು. ಅದೇ ವರ್ಷ ಸಿರಿಯಾದ ಸಲಮಿಯಾ ಪಟ್ಟಣದ ಬಳಿಯ, ಇಸ್ಮಾಯಿಲಿಗಳೂ ನೆಲೆಸಿದ್ದ ಮಬೂಜೆ ಗ್ರಾಮದ ಮೇಲೆ ಐಸಿಸ್ ದಾಳಿಯಿಟ್ಟು ಹತ್ತಾರು ಜನರನ್ನು ಕೊಂದಿತು. ಭಯೋತ್ಪಾದಕರ ಪೂರ್ವಜರೆಂದು ಕೆಲವರು ಬಿಂಬಿಸಿದ ಜನ ಭಯೋತ್ಪಾದನೆಗೆ ಬಲಿಯಾದವರ ಪಟ್ಟಿಯಲ್ಲಿದ್ದರು. ಕೊಂದವರ ಬಾಯಲ್ಲಿದ್ದದ್ದು ಎಂಟುನೂರು ವರ್ಷಗಳ ಹಿಂದಿನ ಅದೇ ಆರೋಪ: ಧರ್ಮಭ್ರಷ್ಟರು.

ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಸಮುದಾಯ ಪುಸ್ತಕದೊಳಗಿನ ವಿಷಯವಲ್ಲ, ನೆರೆಹೊರೆ. 1972ರ ಇದಿ ಅಮೀನನ ಆಜ್ಞೆಯಿಂದ ಉಗಾಂಡಾ ಬಿಟ್ಟು ಓಡಿದ ಏಷ್ಯನ್ನರಲ್ಲಿ ಸಾವಿರಾರು ಇಸ್ಮಾಯಿಲಿಗಳಿದ್ದರು. ಕೆನಡಾ ಮತ್ತು ಬ್ರಿಟನ್ನಿನಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ವೈದ್ಯರಾಗಿ, ಅಂಗಡಿಕಾರರಾಗಿ, ಅಧ್ಯಾಪಕರಾಗಿ ಇದ್ದಾರೆ. ಧರ್ಮದ ಹೆಸರಿನಲ್ಲಿ ಒಬ್ಬ ಮಾಡಿದ ಕೃತ್ಯಕ್ಕೆ ಇಡೀ ಸಮುದಾಯ ಉತ್ತರ ಹೇಳಬೇಕೆಂಬ ಒತ್ತಾಯ ಎಂಥದೆಂದು ವಲಸಿಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಬಣ್ಣದ, ಹೆಸರಿನ, ಗಡ್ಡದ ಕಾರಣಕ್ಕೆ ವಿಮಾನ ನಿಲ್ದಾಣದ ಸಾಲಿನಿಂದ ಪಕ್ಕಕ್ಕೆ ಕರೆಸಿಕೊಂಡವರಿಗೆ ಅದು ಗೊತ್ತು. ಅದೇ ವಲಸಿಗರು ಊರಿನ ರಾಜಕೀಯವನ್ನು ಚರ್ಚಿಸುವಾಗ ಇನ್ನೊಂದು ಸಮುದಾಯದ ಮೇಲೆ ಅದೇ ಒತ್ತಾಯವನ್ನು ಹೇರಿದರೆ, ಕಲಿತದ್ದೇನು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಅಲಮೂತ್ ಕಲಿಸುವ ಪಾಠ ಎರಡು ಅಲಗಿನದು. ಕೊಲೆ ಕೊಲೆಯೇ, ಅದನ್ನು ದುರ್ಬಲನು ಮಾಡಿದರೂ. ಅದಕ್ಕೆ ಬೆಲೆ ತೆರುವವನು ಸಾಮಾನ್ಯವಾಗಿ ಇನ್ನೂ ದುರ್ಬಲನಾದವನು. ಹಾಗೆಯೇ, ಕಠಾರಿಯನ್ನು ಖಂಡಿಸುವ ಮಾತು ಖಡ್ಗದ ಬಗ್ಗೆ ಮೌನವಾಗಿದ್ದರೆ ಅದು ನೀತಿಯ ಮಾತಲ್ಲ, ಗೆದ್ದವರ ಮಾತು. ಇಂದು ಚರಿತ್ರೆಕಾರರು ಜುವೈನಿಯ ಪುಸ್ತಕವನ್ನು ತೆರೆದು, ಅವನ ಶಾಪಗಳ ನಡುವೆ, ಸುಡುವ ಮುನ್ನ ಆತ ನಕಲು ಮಾಡಿಕೊಂಡ ಹಸನನ ಜೀವನಕಥೆಯ ತುಣುಕುಗಳನ್ನು ಹೆಕ್ಕುತ್ತಿದ್ದಾರೆ. ಒಂದು ಇಡೀ ಜನದ ಹೆಸರನ್ನು ಬೈಗುಳವಾಗಿ ಯಾರಾದರೂ ಮುಂದಿಟ್ಟಾಗ ಮಾಡಬೇಕಾದ ಕೆಲಸವೂ ಅದೇ. ಆ ಹೆಸರನ್ನು ಇಟ್ಟವರು ಯಾರು, ಆ ಜನ ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಿದ್ದರು, ಅವರ ಪುಸ್ತಕಗಳು ಏನಾದವು ಎಂದು ಕೇಳಬೇಕು. ಉತ್ತರ ಸಿಗುವವರೆಗೆ ಆ ಹೆಸರನ್ನು ಬಾಯಿಗೆ ತಂದುಕೊಳ್ಳದೆ ಇರಬೇಕು.